ಕೈ ಬಂದ ಮೇಲೆ ಊಟ ಬಿಟ್ಟವರು

ಊಟದ ಎಲೆಯ ಮೇಲೆ ಅಡ್ಡ ಹಿಡಿದ ಕೈಗೆ ನಮ್ಮ ಧಾರವಾಡ ಸೀಮೆಯಲ್ಲಿ 'ಸಾಕು' ಎಂಬ ಅರ್ಥವಿಲ್ಲವೆಂಬುದನ್ನು ತಾವು ಬಲ್ಲಿರಿ. 'ಇನ್ನೊಮ್ಮೆ ಕೇಳಿ ನೋಡಿರಿ' ಎಂಬುದರ ಮುದ್ರೆ ಅದು. ಬಡಿಸುವವರು ಬೆರಳ ಸಂದಿಯಿಂದಲೇ ತುಪ್ಪ ಇಳಿಸುತ್ತಾರೆ, ಉಣ್ಣುವವನು ಬೆರಳು ನೆಕ್ಕಿ ಕೃತಾರ್ಥನಾಗುತ್ತಾನೆ. ಈ ಶಾಸ್ತ್ರದಲ್ಲಿ ನನ್ನ ತಾಯಿ ಪಾರಂಗತೆ. ಎಪ್ಪತ್ತರ ದಶಕದ ಮೊದಲಲ್ಲಿ, ವಿಮಾನ ಕಾರ್ಖಾನೆಯ ನೌಕರಿಗೆಂದು ನಾನು ನಾಸಿಕದ ಬಳಿಯ ಓಝರಿಗೆ ಬಂದಾಗ, ಆಕೆ ಹಿತ್ತಾಳೆ ಪಾತ್ರೆಗಳೊಂದಿಗೆ ಆ ವಿದ್ಯೆಯನ್ನೂ ತಂದಳು. ಆದರೆ ಕಾಲೊನಿಯ ನೆರೆಹೊರೆ 'ಸಾಕು' ಎಂದರೆ ನಿಜಕ್ಕೂ ಸಾಕೆನ್ನುವ ಜನ. ವಿದ್ಯೆಗೆ ತುಕ್ಕು ಹಿಡಿಯತೊಡಗಿತ್ತು.

ಅಂಥ ಒಂದು ಮಳೆಗಾಲದಲ್ಲಿ ನನ್ನ ಏಳು ವರ್ಷದ ಮಗಳು ಸುಮಾ ಮೈದಾನದ ಹೊಂಡದಿಂದ ಗೊದಮೊಟ್ಟೆಗಳನ್ನು ತಂದು ಹಳೆಯ ಬೋಗುಣಿಯಲ್ಲಿ ಬಿಟ್ಟಳು. ತಾಯಿ ಮೊದಲು ಮೂಗು ಮುರಿದಳು. ಬೇಯಿಸಿದ ಪಾಲಕದ ಎಲೆಗೆ ಅವು ಮುತ್ತಿಕೊಂಡುದನ್ನು ಕಂಡು ಕರಗಿದಳು. ಹಾಕಿದಷ್ಟನ್ನೂ ತಿನ್ನುವ, ಅಡ್ಡ ಹಿಡಿಯಲು ಕೈಯೇ ಇಲ್ಲದ ಅತಿಥಿಗಳು! ಹಿಂಗಾಲು ಮೂಡಿದುವು, ಪಾಲಕ ಇಮ್ಮಡಿಯಾಯಿತು. ಆಮೇಲೆ ಒಂದು ಬೆಳಿಗ್ಗೆ ಮುಂಗಾಲುಗಳೂ, ಅಂದರೆ ಮನುಷ್ಯರ ಲೆಕ್ಕದಲ್ಲಿ ಕೈಗಳೂ, ಹೊರಬಿದ್ದುವು. ಕೈ ಬಂದದ್ದೇ ತಡ, ಅವು ಊಟ ನಿಲ್ಲಿಸಿಬಿಟ್ಟುವು.

"ಮುಂಜಾನಿಂದ ಒಂದೆಳಿ ಮುಟ್ಟಿಲ್ಲೋ. ಮೈಯಾಗ ಆರಾಮಿಲ್ಲ ಇವಕ್ಕ," ಎಂದಳು ತಾಯಿ. ಕೈ ಅಡ್ಡ ಬಂದರೆ ಒತ್ತಾಯ ಮಾಡಬೇಕೆಂಬುದು ಆಕೆಯ ಧರ್ಮ. ಪಾಲಕದ ಮೇಲೆ ಅನ್ನ, ಅನ್ನದ ಮೇಲೆ ಚಪಾತಿಯ ಚೂರು. ನೀರು ನಾರಿತು. ಎರಡು ಸತ್ತು ತೇಲಿದುವು. ಸುಮಾ ಬೋಗುಣಿಯನ್ನು ತಬ್ಬಿಕೊಂಡು, ಶಾಲೆಯ ಮರಾಠಿ ಬೆರೆಸಿ, ಬೇಡವೆಂದು ಕೂಗಿದಳು: "ಅಜ್ಜೀ, ನಕೋ ನಾ! ಎಲ್ಲಾ ಸತ್ತಹೋಗ್ತಾವ!"

ವಿಮಾನ ಬಲ್ಲವನಿಗೆ ಕಪ್ಪೆ ಯಾವ ಲೆಕ್ಕವೆಂದು ನಾನು ಶಾಲೆಯ ವಿಜ್ಞಾನ ಪುಸ್ತಕವೊಂದನ್ನು ತಂದು ಗಂಭೀರವಾಗಿ ಪಾರಾಯಣ ಮಾಡಿದೆ. ಈ ಹಂತದಲ್ಲಿ ಗೊದಮೊಟ್ಟೆಯ ಬಾಯಿಯೇ ಹೊಸದಾಗಿ ರೂಪುಗೊಳ್ಳುತ್ತಿರುತ್ತದೆ. ಕಿವಿರು ಹೋಗಿ ಶ್ವಾಸಕೋಶ ಕೆಲಸ ಹಿಡಿಯುತ್ತದೆ. ಬಾಲ ಉದುರುವುದಿಲ್ಲ, ಮೈಯೊಳಗೇ ಕರಗಿ ಆಹಾರವಾಗುತ್ತದೆ.

"ಅಂದ್ರ ಬುತ್ತಿ ಕಟ್ಟಿಕೊಂಡ ಬಂದಾವು?" ತಾಯಿಯ ಮುಖ ಕೆಂಪಾಯಿತು. "ನಮ್ಮ ಮನ್ಯಾಗ ಕೂತು ಬುತ್ತಿ ಬಿಚ್ಚತಾವು?"

"ಕೂತಿಲ್ಲವ್ವಾ, ಹೊಂಟಾವ. ನೀರ ಬಿಟ್ಟು ನೆಲಕ್ಕ."

ಆಕೆ ಕೈಯಲ್ಲಿದ್ದ ಚಪಾತಿಯ ಚೂರನ್ನು ಕೆಳಗಿಟ್ಟಳು. "ಮದಲ ಹೇಳಬಾರದೇನೋ ಹುಚ್ಚಾ? ದಾರಿ ಹಿಡದವ್ರಿಗೆ ಹೊಟ್ಟಿ ಬಿರಿಯೋಹಂಗ ತಿನಸ್ತಾರೇನು?"

ತಾನೇ ನೀರು ಚೆಲ್ಲಿ, ಬೆರಳುದ್ದ ಮಳೆನೀರು ತುಂಬಿಸಿದಳು. ಇನ್ನು ಅವು ಮುಳುಗಿಯೂ ಸಾಯಬಲ್ಲವೆಂದು ನಾನು ಓದಿದೊಡನೆ, ಹತ್ತಿ ಕೂರಲು ಓರೆಯಾಗಿ ಒಂದು ಕಲ್ಲಿಟ್ಟಳು. ಬಾಲಗಳು ಗಿಡ್ಡವಾಗುತ್ತ ಬಂದುವು, ಬಾಯಿಗಳು ಅಗಲವಾದುವು. ಆಮೇಲೆ ಯಾವುದೂ ಸಾಯಲಿಲ್ಲ.

ಕಲ್ಲು ಹತ್ತಿದ ಮೊದಲನೆಯದು ಉಗುರಿನಷ್ಟು ದೊಡ್ಡ ಕಪ್ಪೆ. ಬಾಲದ ಜಾಗದಲ್ಲಿ ಒಂದು ಮೋಟು. ಮೂವರೂ ಹೊಂಡದ ದಂಡೆಗೆ ಹೋದೆವು. ಸುಮಾ ಅಂಗೈ ಮುಚ್ಚಿಕೊಂಡು ನಿಂತಳು. "ಅಜ್ಜೀ, ಇನ್ನ ಒಂದ ದಿವಸ ಇರ್ಲಿ. ಒಂದss ದಿವಸ." ಕನ್ನಡದಲ್ಲಿ ಸದಾ ತಡವರಿಸುವ ಹುಡುಗಿ ಒತ್ತಾಯದಲ್ಲಿ ತಡವರಿಸಲಿಲ್ಲ.

"ಸಾಕು, ಕೈ ತಗಿ," ಎಂದಳು ತಾಯಿ.

ಕೈ ತೆರೆಯಿತು. ಕಪ್ಪೆ ಕದಲಲಿಲ್ಲ, ಹೊರಟ ನೆಂಟ ಹೊಸ್ತಿಲಲ್ಲಿ ನಿಲ್ಲುವಂತೆ ಅಲ್ಲೇ ನಿಂತಿತು. ತಾಯಿ ಅದನ್ನು ಇನ್ನೊಮ್ಮೆ ಒಳಗೆ ಕರೆದೇಬಿಟ್ಟಾಳೆಂದು ನನಗೆ ದಿಗಿಲು. ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು, ಅದು ನೆಗೆಯುವವರೆಗೂ ಒಂದು ಮಾತೂ ಆಡಲಿಲ್ಲ.