ಹುಣಸೆಬೀಜದ ಲೆಕ್ಕ

ಕನ್ನಡಕ ಹುಡುಕಲು ಶಾಲೆಯಲ್ಲಿ ನನ್ನ ಮೇಜಿನ ಡ್ರಾಯರ್ ಎಳೆದೆ. ಕನ್ನಡಕ ಸಿಗಲಿಲ್ಲ, ತಗಡಿನ ಡಬ್ಬಿಯೊಂದು ಗಲಗಲ ಎಂದಿತು. ಕನ್ನಡಕ ಹಣೆಯ ಮೇಲೇ ಇತ್ತೆಂಬುದನ್ನು ನಿಮ್ಮಿಂದ ಮುಚ್ಚಿಡಬಹುದಿತ್ತು, ಆದರೆ ಇಂದು ನನಗೆ ಆತ್ಮಾವಲೋಕನದ ದಿನ. ಮೊಬೈಲಿಗೆ ಫಾರಂ ಬಂದಿದೆ: ಶಿಕ್ಷಕರು ತಮ್ಮನ್ನು ತಾವೇ ನೋಡಿಕೊಂಡು, ಈ ವರ್ಷ ವೃತ್ತಿಯಲ್ಲಿ ಏನು ಸಾಧಿಸುತ್ತೇವೆಂದು ಬರೆಯಬೇಕು. ಫಾರಂ ತಮಿಳಿನಲ್ಲಿದೆ. ಗಡಿಯಾಚೆ ತಮಿಳು ಸೀಮೆಗೆ ಸೇರಿದ ಬಾಗಲೂರು ಕಡೆಯ ಕನ್ನಡ ಶಾಲೆಯ ಮೇಷ್ಟರಾದ ನಾನು ನನ್ನ ಕೊರತೆಗಳನ್ನು ಕನ್ನಡದಲ್ಲಿ ಹುಡುಕಿ ತಮಿಳಿನಲ್ಲಿ ಒಪ್ಪಿಸಬೇಕು.

ಡಬ್ಬಿಯಲ್ಲಿರುವುದು ಹುಣಸೆಬೀಜ. ಕೊಟ್ಟವರು ಆಗಿನ ನಮ್ಮ ಹೆಡ್‌ಮಿಸ್ಟ್ರೆಸ್ ನರಸಮ್ಮ ಟೀಚರ್.

ಕೆಲಸಕ್ಕೆ ಸೇರಿದ ವರ್ಷ ನನ್ನ ಪಾಠ ಕೇಳಿ ನನಗೇ ತಲೆದೂಗುವಂತಾಗುತ್ತಿತ್ತು. ಪ್ರಶ್ನೆ ಕೇಳುತ್ತಿದ್ದೆ, ಯಾರೂ ಬಾಯಿ ತೆರೆಯುವ ಮೊದಲೇ ಉತ್ತರವನ್ನೂ ನಾನೇ ಹೇಳುತ್ತಿದ್ದೆ. ಮಕ್ಕಳು ಒಟ್ಟಾಗಿ "ಹೂಂ ಸಾರ್" ಎನ್ನುತ್ತಿದ್ದರು. ಗೌರಿ ಎಂಬ ಹುಡುಗಿ ಅದನ್ನೂ ಎನ್ನುತ್ತಿರಲಿಲ್ಲ. ಬೇರಿಕೆ ಕಡೆಯ ತೆಲುಗು ಮನೆಮಾತಿನ ರೈತರ ಮಗಳು. ಆರು ತಿಂಗಳಲ್ಲಿ ಅವಳ ದನಿ ಹೇಗಿದೆ ಎಂದೇ ನನಗೆ ಗೊತ್ತಾಗಿರಲಿಲ್ಲ. ಅವಳ ಅಪ್ಪನೋ, ಓದು ಹತ್ತದಿದ್ದರೆ ತೋಟಕ್ಕೆ ಕರೆದುಕೊಳ್ಳುತ್ತೇನೆಂದು ಕಾದಿದ್ದ. ಹತ್ತುವುದಿಲ್ಲ ಎಂದು ಹೇಳಿಕಳುಹಿಸೋಣವೆಂದು ನಾನು ಟೀಚರ್ ಬಳಿ ಹೋದೆ.

"ತಡಿಯಪ್ಪಾ, ನಾಳಿಕೆ ನಿನ್ ಕ್ಲಾಸ್ಗೆ ಬತ್ತೀನಿ" ಎಂದರು.

ಬಂದವರು ಹಿಂದಿನ ಬೆಂಚಿನಲ್ಲಿ ಕೂತರು, ಮಡಿಲಲ್ಲಿ ಹುಣಸೆಬೀಜ, ಪಕ್ಕದಲ್ಲಿ ಖಾಲಿ ಡಬ್ಬಿ. ಮಗುವೊಂದು ತಾನಾಗಿ ಮಾತಾಡಿದರೆ ಡಬ್ಬಿಗೆ ಒಂದು ಬೀಜ. ಒಟ್ಟಾಗಿ ಹೇಳಿದ "ಹೂಂ" ಲೆಕ್ಕಕ್ಕಿಲ್ಲ. ಅವತ್ತು ನಾನು ಗಿಡ ನೀರು ಕುಡಿಯುವ ಬಗೆಯನ್ನು ಎಷ್ಟು ಸೊಗಸಾಗಿ ವರ್ಣಿಸಿದೆನೆಂದರೆ, ಗಂಟೆ ಹೊಡೆದಾಗ ನನಗೇ ಬಾಯಾರಿತ್ತು. ಡಬ್ಬಿಯಲ್ಲಿ ಎರಡೇ ಬೀಜ. ಒಂದು ಮಗು ಹೊರಗೆ ಹೋಗಬೇಕೆಂದು ಕೇಳಿತ್ತು, ಇನ್ನೊಂದು ಪಕ್ಕದವನ ರಬ್ಬರ್ ಕೇಳಿತ್ತು.

"ಪಾಠ ಸೆಂದಾಗಿತ್ತು ಕಣಪ್ಪಾ. ಎಲ್ಲಾ ನೀನೇ ಕಲ್ತ್ಕೊಂಡ್ಬುಟ್ಟೆ."

"ಮತ್ತೆ ನಾನೇನ್ ಮಾಡ್ಬೇಕು ಟೀಚರ್?"

"ನಾನ್ಯಾಕೇಳ್ಲಿ? ನಾಳಿಕಿಂದ ನೀನೇ ಎಣಿಸ್ಕ. ಆ ಮಗಿನ ಅಪ್ಪಂಗೆ ಆಮೇಲೇಳಿ ಕಳಿಸೀವಂತೆ."

ಬಸ್ಸಿನಲ್ಲಿ ಮನೆ ಸೇರುವವರೆಗೂ ಅವರನ್ನು ಮನಸಾರೆ ಬೈದುಕೊಂಡೆ. ಮರುದಿನ ಹಟಕ್ಕೆ ಡಬ್ಬಿಯನ್ನು ಮೇಜಿನ ಮೇಲಿಟ್ಟೆ. ಸಸಿ ಯಾಕೆ ಬಾಡುತ್ತದೆ ಎಂದು ಕೇಳಿ ಬಾಯಿ ಮುಚ್ಚಿಕೊಂಡೆ. ಅಬ್ಬಾ, ಆ ಮೌನ! ಉತ್ತರ ನಾಲಿಗೆಯ ತುದಿಯಲ್ಲೇ ಕುಣಿಯುತ್ತಿತ್ತು, ಕಿಟಕಿಯ ಕಂಬಿ ಎಣಿಸುತ್ತಾ ನಿಂತೆ. ಏಳನೆಯ ಕಂಬಿಗೆ ಹಿಂದಿನಿಂದ ಸಣ್ಣ ದನಿಯೊಂದು ಬಂತು.

"ಸಾರ್, ಮಾ ನಾಯನ ಟಮಾಟೊ ಸಸಿ ಸಾಯಂಕಾಲ್ವೇ ನಡೋದು. ಬಿಸ್ಲಲ್ಲಿ ನಟ್ರೆ ಬಾಡೋಗ್ತವೆ. ಬೇರು ಇನ್ನಾ ಹಿಡ್ದಿರಲ್ವಲ್ಲಾ."

ಗೌರಿ! ಅಪ್ಪನನ್ನು ತೆಲುಗಿನಲ್ಲಿ ಕರೆದು, ಉಳಿದದ್ದನ್ನು ಕನ್ನಡದಲ್ಲಿ ಹೇಳಿ, ನನ್ನ ಅರ್ಧ ಗಂಟೆಯ ಪಾಠವನ್ನು ಮೂರು ಮಾತಿನಲ್ಲಿ ಮುಗಿಸಿದ್ದಳು. ಡಬ್ಬಿಗೆ ಒಂದು ಬೀಜ ಹಾಕಿದೆ. ಇಂಥ ಹುಡುಗಿಯನ್ನು ಶಾಲೆ ಬಿಡಿಸುವುದರಲ್ಲಿದ್ದೆನಲ್ಲ ಎಂದು ನಾಚಿಕೆಯಾಯಿತು. ಅವಳ ಅಪ್ಪನಿಗೆ ಹೇಳಿಕಳುಹಿಸಿದ್ದು ನಿಜ, ಹುಡುಗಿಯನ್ನು ಓದಿಸಿ ಎಂದು. ಅವಳು ಹನ್ನೆರಡನೆಯ ತರಗತಿ ಮುಗಿಸಿದ ದಿನ ಟೀಚರಿಗೂ ನನಗೂ ಒಂದೊಂದು ಬುಟ್ಟಿ ಟಮಾಟೊ ಬಂತು.

ಇಷ್ಟು ನೆನೆದ ಮೇಲೆ ಫಾರಂ ಪಕ್ಕಕ್ಕಿಟ್ಟು, ಡಬ್ಬಿ ಹಿಡಿದು ತರಗತಿಗೆ ಹೋಗಿ, ಬೀಜ ಹಾಕುವ ಕೆಲಸವನ್ನು ಮುಂದಿನ ಬೆಂಚಿನ ಹುಡುಗಿಗೆ ಒಪ್ಪಿಸಿ ಪಾಠ ಮಾಡಿದೆ. ಎಣಿಸುವುದನ್ನು ಬಿಟ್ಟು ಎಷ್ಟು ವರ್ಷವಾಗಿತ್ತೋ. ಆಮೇಲೆ ಡಬ್ಬಿ ನೋಡಿ, ಈಗ ಕೆಲಮಂಗಲದಲ್ಲಿರುವ ಟೀಚರಿಗೆ ಫೋನ್ ಮಾಡಿದೆ.

"ಇವತ್ತು ಎಣಿಸ್ದೆ ಟೀಚರ್. ಮೂರೇ ಬೀಜ."

ಅವರು ಜೋರಾಗಿ ನಕ್ಕರು. "ಅಲ್ಲಪ್ಪಾ, ಅವತ್ತು ನಾನು ಬಂದು ಎಣಿಸ್ಬೇಕಾಯ್ತು. ಇವತ್ತು ನೀನೇ ಎಣಿಸಿದ್ದೀಯಲ್ಲಾ."

ಕಣ್ಣು ಒದ್ದೆಯಾಯಿತು. ಫಾರಂ ತೆರೆದು ಗುರಿಯ ಜಾಗದಲ್ಲಿ ತಮಿಳಿನಲ್ಲಿ ಒಂದೇ ಸಾಲು ಬರೆದೆ: ಪ್ರಶ್ನೆ ಕೇಳಿದ ಮೇಲೆ ಏಳು ಕಂಬಿ ಎಣಿಸುವವರೆಗೆ ಸುಮ್ಮನಿರುತ್ತೇನೆ.