ನಾಳೆ ದೊಡ್ಡ ಭರತಿ

ಮೈಸೂರಿನ ವನಮಾಲಾ ಟೀಚರು ಮುಂಬಯಿಯ ಮಲಾಡಿನಿಂದ ಎರಡು ಲೋಕಲ್ ರೈಲು ಹಿಡಿದು ಕುರ್ಲಾದ ಕನ್ನಡ ಶಾಲೆಗೆ ಬರುತ್ತಿದ್ದರು. ಎಂಬತ್ತರ ದಶಕದ ಆ ಮಳೆಗಾಲಗಳು ಅವರಿಗೆ ಈಗಲೂ ಒದ್ದೆ ಸೀಮೆಸುಣ್ಣದ ವಾಸನೆಯೊಡನೆ ನೆನಪಾಗುತ್ತವೆ.

ಶಾಲೆ ಇದ್ದದ್ದು ಸಮುದ್ರಕ್ಕೆ ಹೋಗುವ ದೊಡ್ಡ ಚರಂಡಿ, ನಾಲಾದ ಪಕ್ಕದ ತಗ್ಗಿನಲ್ಲಿ. ಒಂದು ವರ್ಷ ನೀರು ನುಗ್ಗಿದಾಗ ಅವರೂ ಆಯಾ ರುಕ್ಮಿಣಿಬಾಯಿಯೂ ಮಕ್ಕಳನ್ನು ಬೆಂಚಿನ ಮೇಲೆ ಹತ್ತಿಸಿ, ನೀರು ಇಳಿಯುವವರೆಗೆ ಅವರನ್ನು ಹಿಡಿದು ನಿಂತಿದ್ದರು. ಮತ್ತೆ ಹಾಗಾದರೆ ಇಬ್ಬರೇ ಹೆಂಗಸರು ಅಷ್ಟು ಮಕ್ಕಳನ್ನು ದಾಟಿಸುವುದು ಹೇಗೆ?

ಅದೇ ಚಿಂತೆಯಲ್ಲಿ ಒಂದು ದಿನ ಭೂಗೋಳದ ಪಾಠ ದಾರಿ ತಪ್ಪಿತು. ಹಾಲೆಂಡಿನವರು ಸಮುದ್ರಕ್ಕೇ ಒಡ್ಡು ಕಟ್ಟಿ ಕಾಯುತ್ತಾರೆ, ಜಪಾನಿನ ಮಕ್ಕಳು ಆಪತ್ತು ಬರುವ ಮೊದಲೇ ಸಾಲಾಗಿ ಎತ್ತರದ ಜಾಗಕ್ಕೆ ನಡೆದು ರೂಢಿ ಮಾಡಿಕೊಳ್ಳುತ್ತಾರೆ, ಬಾಂಗ್ಲಾದೇಶದಲ್ಲಿ ಊರವರೇ ಮೆಗಾಫೋನ್ ಹಿಡಿದು ಮನೆಮನೆಗೆ ಕೂಗಿ ಹೇಳುತ್ತಾರೆ ಎಂದರು.

"ನಮ್ಗ ಯಾರ್ ಹೇಳ್ತಾರ್ರೀ ಟೀಚರ್?" ಎಂದಳು ಮುಂದಿನ ಬೆಂಚಿನ ಸೇವಂತಿ.

 ನಾಳೆ ಸಮುದ್ರದ ಉಬ್ಬರ ಜೋರೆಂದು ಅಂದಿನ ಪೇಪರಿನಲ್ಲಿತ್ತು; ಉಬ್ಬರದ ಹೊತ್ತಿಗೆ ಮಳೆ ಸುರಿದರೆ ನಾಲಾ ಉಕ್ಕುತ್ತದೆ. ಉಬ್ಬರಕ್ಕೆ ರುಕ್ಮಿಣಿಬಾಯಿಯ ಮರಾಠಿಯಲ್ಲಿ ಭರತಿ ಎನ್ನುತ್ತಾರೆ. ಟೀಚರ ನಾಲಗೆಗೂ ಅದು ಹತ್ತಿತ್ತು. "ನೀವೇ ಮನೆಗೆ ಹೋಗಿ ಹೇಳಿ. ನಾಳೆ ದೊಡ್ಡ ಭರತಿ ಇದೆ, ಅಪ್ಪಂದಿರು ಮಧ್ಯಾಹ್ನದೊಳಗೆ ಶಾಲೆಗೆ ಬರಬೇಕು ಅಂತ."

ಮರುದಿನ ಅಪ್ಪಂದಿರೆಲ್ಲ ಬಂದರು. ಬಿಜಾಪುರದ ಕಡೆಯ ಕಟ್ಟಡ ಕೆಲಸದವರು; ತಲೆಗೆ ಎಣ್ಣೆ, ಮೈಮೇಲೆ ಇಸ್ತ್ರಿ ಅಂಗಿ. ಮುಂದೆ ನಿಂತವನು ಸೇವಂತಿಯ ಅಪ್ಪ ಖಂಡಪ್ಪ.

"ಭರ್ತಿ ಎಲ್ಲೈತ್ರೀ ಬಾಯಿಯರ? ಸಾಹೇಬ್ರು ಬಂದಾರೇನು?"

"ಯಾವ ಸಾಹೇಬರು?"

"ಮುನ್ಸಿಪಾಲ್ಟಿಗೆ ಆಳ್ ತಗೋತಾರಲ್ರೀ!"

ಟೀಚರು ಹಣೆ ಚಚ್ಚಿಕೊಂಡರು. "ಅಯ್ಯೋ ಖಂಡಪ್ಪನವರೇ, ಕೆಲಸದ ಭರ್ತಿ ಅಲ್ಲ. ಸಮುದ್ರ ಉಕ್ಕಿ ಬರೋದಕ್ಕೆ ಇಲ್ಲಿ ಹಾಗಂತಾರೆ."

ಸಾಲಿನಲ್ಲಿ ಗುಜುಗುಜು ಎದ್ದಿತು. ಒಂದು ದಿನದ ಕೂಲಿ ಹೋಗಿತ್ತು, ಮಳೆಯೋ ಬರೀ ತುಂತುರು. ಖಂಡಪ್ಪ ಕೊಡೆ ಬಿಚ್ಚಿ ಹೊರಟೇಬಿಟ್ಟ. ಅವನ ಹಿಂದೆ ಉಳಿದವರೂ ಹೊರಟರೆ ಮಕ್ಕಳ ಗತಿ?

"ಸ್ವಲ್ಪ ಹೊತ್ತು ಇರಿ. ನೀರು ಬರದಿದ್ರೆ ನನ್ನನ್ನ ಬೈದು ಹೋಗಿ," ಎಂದರು ಟೀಚರು. 

ಗಂಡನ ಭರ್ತಿ ನೋಡಲು ಬಂದಿದ್ದ ಖಂಡಪ್ಪನ ಹೆಂಡತಿ ಮಲ್ಲಕ್ಕ ಬಾಗಿಲಿಗೆ ಅಡ್ಡ ನಿಂತಳು. "ಈಗ ಕೂಲಿ ಹಿಡಿಯೋ ನಾಕಾಕ್ಕ ಹೋದ್ರ ನಿನಗ ಯಾರ್ ಕೆಲಸ ಕೊಡ್ತಾರ? ಕುಂಡ್ರು, ಮದಿಮಗನಂಗ ಕಾಣ್ತಿ."

ಎಲ್ಲರೂ ನಕ್ಕರು. ಅವನು ಗೊಣಗುತ್ತ ಕೂತ, ಉಳಿದವರೂ ಕೂತರು.

ಸ್ವಲ್ಪ ಹೊತ್ತಿಗೆ ಮಳೆ ಹಿಡಿಯಿತು. ನಾಲಾದಲ್ಲಿ ತೇಲಿಹೋಗುತ್ತಿದ್ದ ಕಸ ಒಂದು ಗಳಿಗೆ ನಿಂತು, ಬಂದ ದಾರಿಯಲ್ಲೇ ತಿರುಗಿತು. ಅದನ್ನು ಎಲ್ಲರಿಗಿಂತ ಮೊದಲು ಕಂಡವನು ಖಂಡಪ್ಪ. "ನೀರ್ ಹೊಳ್ಳಿ ಬರಾಕತ್ತೇತಿ! ಏಳ್ರೋ!" ಎಂದು ಕೂಗಿದ. ಇಸ್ತ್ರಿ ಅಂಗಿಗಳ ಹೆಗಲೇರಿ ಮಕ್ಕಳು ಒಬ್ಬೊಬ್ಬರಾಗಿ ಸ್ಟೇಷನ್ನಿನ ಸೇತುವೆ ತಲುಪಿದರು.

"ಭರ್ತಿ ಆದ್ವಿ ನೋಡ್ರಿ ಬಾಯಿಯರ, ಪಗಾರ ಇಲ್ದ ಹಮಾಲರು," ಎಂದ, ಎರಡು ಹೆಗಲಿಗೂ ಒಂದೊಂದು ಮಗು ಕೂರಿಸಿಕೊಂಡಿದ್ದ ಖಂಡಪ್ಪ. ಟೀಚರು ನಗಲು ಹೋಗಿ ಅತ್ತರು.

ಮರುವರ್ಷ ಮಳೆಗಾಲಕ್ಕೆ ಮುಂಚೆ ಅವನೇ ಬಂದು ಉಬ್ಬರದ ದಿನಗಳನ್ನು ಕೇಳಿಕೊಂಡು ಹೋದ. ಆಮೇಲೆ ಪ್ರತಿ ದೊಡ್ಡ ಉಬ್ಬರದ ಮುನ್ನಾದಿನ ಅವನ ದನಿ ಅವರ ಮನೆಗಳಿದ್ದ ಚಾಳಿನಿಂದ ತರಗತಿಯವರೆಗೂ ಕೇಳಿಬರುತ್ತಿತ್ತು: "ನಾಳಿಗಿ ಸಮುದ್ರ ಹೊಳ್ಳಿ ಬರ್ತೈತ್ರೋ! ಹುಡುಗ್ರನ್ನ ಕರಕೊಂಡ್ ಬರ್ರೀ!" ಅದನ್ನು ತಪ್ಪಾಗಿ ತಿಳಿದವರು ಯಾರೂ ಇರಲಿಲ್ಲ.