ಕೆಂಪು ಬಾಳೆಹಣ್ಣಿನವ

ಕಮಲಾಪುರದ ಕೆಂಪು ಬಾಳೆ ಮಾರುತ್ತಿದ್ದ ಆತ ಪ್ರತಿ ಹಣ್ಣನ್ನೂ ಮೂಸಿ ನೋಡಿಯೇ ಕೊಡುತ್ತಿದ್ದ. ಮಾತೆತ್ತಿದರೆ ‘ನಮ್ಮೂರಾಗ ಹಂಗಿಲ್ರೀ’ ಎನ್ನುವನು. ನಾನು ಅವನ ಮೂಗನ್ನೂ ಮಾತನ್ನೂ ಅಣಕಿಸಿ ಊರನ್ನು ನಗಿಸುತ್ತಿದ್ದೆ. ನನ್ನ ಮೂಗು ಅದಕ್ಕಿಂತ ದೊಡ್ಡದು, ಆ ಮಾತು ಬೇರೆ.

ಸಂತೆಯ ಜಗಳದಲ್ಲಿ ಒಬ್ಬನ ಹಲ್ಲು ಮುರಿದು ಕಲಬುರಗಿಯ ಜೈಲಿನಲ್ಲಿ ಆರು ತಿಂಗಳು ಕಳೆದ. ಬಿಡುವ ದಿನ ಹೊಸ ಹುಕುಂ ಬಂತು: ಹುಟ್ಟಿದ್ದು ಇಂಗ್ರೇಜರ ಸೊಲ್ಲಾಪುರದಲ್ಲಿ, ನಿಜಾಮರ ಮುಲ್ಕಿನವನಲ್ಲ, ಗಡಿ ದಾಟಿಸಬೇಕು. ಅವ್ವನ ಕಂಕುಳಲ್ಲಿ ಕಮಲಾಪುರಕ್ಕೆ ಬಂದವನಿಗೆ ಸೊಲ್ಲಾಪುರದ ಒಂದು ಓಣಿಯೂ ಗೊತ್ತಿರಲಿಲ್ಲ.

ಕಳಿಸಲು ನಾನು ಸ್ಟೇಷನ್ನಿಗೆ ಹೋದಾಗ ಸಿಪಾಯಿಯ ಪಕ್ಕ ಕೂತಿದ್ದ. ನಗಿಸಲೆಂದು ನಾನೊಂದು ಹಣ್ಣು ಮೂಸಿ ಅವನಿಗೆ ಕೊಟ್ಟು, ಅವನದೇ ದನಿಯಲ್ಲಿ ‘ನಮ್ಮೂರಾಗ ಹಂಗಿಲ್ರೀ’ ಅಂದೆ.

ಕಾವಲಿನ ಸಿಪಾಯಿ ನಕ್ಕ. ‘ಥೇಟ್ ಕಮಲಾಪುರದವರಂಗ ಮಾತಾಡ್ತಿ ನೋಡಲೇ.’

‘ನಾ ಮಾತಾಡಿದ್ದು ಇವನ ದನಿಯಾಗ್ರೀ.’

ಸಿಪಾಯಿಯ ನಗು ನಿಂತಿತು. ಆದರೂ ರೈಲು ಬಂದಾಗ ರಟ್ಟೆ ಹಿಡಿದು ಹತ್ತಿಸಿದ. ನಮ್ಮ ಬಾಳೆಹಣ್ಣಿನವ ಆ ಹಣ್ಣನ್ನು ತಿನ್ನದೆ, ಕಿಟಕಿಯಲ್ಲಿ ಮೂಸುತ್ತಲೇ ಹೋದ.